ಹುಡಿಯೊಳಗಣ ಕಿಚ್ಚು

ಗಟ್ಟಿಯಾಗಿರುವಾಗ ಸಾಧುವಾಗಿದ್ದು, ಹುಡಿಯಾದಾಗ ಉಗ್ರವಾಗುವ ವಸ್ತುಗಳು ಲೋಕದಲ್ಲಿ ಹಲವುಂಟು. ಮರದ ದಿಮ್ಮಿಗೆ ಕಡ್ಡಿ ಗೀರಿ ಹಿಡಿದರೆ ಅದು ಕಪ್ಪಾದೀತೇ ಹೊರತು ಹೊತ್ತಿಕೊಳ್ಳದು. ಅದರ ಹೊಟ್ಟಾದರೋ ನೋಡನೋಡುತ್ತಿದ್ದಂತೆ ಉರಿದುಹೋಗುವುದು. ಟೈಟೇನಿಯಂ ಎಂಬ ಲೋಹದ ಸ್ವಭಾವವೂ ಇಂತಹುದೇ. ಈ ಮರ್ಮವನ್ನರಿಯದೆ ಅದನ್ನು ಕತ್ತರಿಸಹೊರಟವನ ಕಣ್ಣು, ಕೈ, ಒಮ್ಮೊಮ್ಮೆ ಮನೆಯೇ ಗಂಡಾಂತರಕ್ಕೆ ಈಡಾಗಬಹುದು.

1791ರಲ್ಲಿ ಇಂಗ್ಲೆಂಡಿನ ಕಾರ್ನ್‌ವಾಲ್ ಸೀಮೆಯ ಪಾದ್ರಿ ವಿಲಿಯಂ ಗ್ರೆಗರ್ ಹಳ್ಳದ ಕರಿಮರಳಿನಲ್ಲಿ ಈ ಧಾತುವಿನ ಸುಳಿವನ್ನು ಕಂಡನು. 1795ರಲ್ಲಿ ಜರ್ಮನಿಯ ಕ್ಲಾಪ್ರೋತನು ಗ್ರೀಕ್ ಪುರಾಣದ ಟೈಟನ್ನರ ಹೆಸರನ್ನು ಇದಕ್ಕಿಟ್ಟನು. ಹೆಸರಿಗೆ ತಕ್ಕ ಬಲವುಂಟು. ಆದರೆ ತೂಕ ಉಕ್ಕಿನ ಐದರಲ್ಲಿ ಮೂರು ಪಾಲಿನಷ್ಟು ಮಾತ್ರ. 1668 ಡಿಗ್ರಿ ಸೆಲ್ಸಿಯಸ್ ಶಾಖಕ್ಕಲ್ಲದೆ ಕರಗದು; ತುಕ್ಕಿನ ಮಾತೇ ಇಲ್ಲ. ಆದಕಾರಣ ಸ್ಲೊವೇನಿಯಾದ ಅಕ್ರಪೋವಿಚ್, ಜಪಾನಿನ ಯೋಶಿಮುರ ಮೊದಲಾದ ತಯಾರಕರು ಮೋಟಾರು ಸೈಕಲ್ಲಿನ ಸೈಲೆನ್ಸರುಗಳನ್ನು ಇದರಿಂದ ಮಾಡುತ್ತಾರೆ. ಬಿಸಿಯಾದ ಕೊಳವೆಯ ಮೇಲೆ ಹೊಳೆಯುವ ನೀಲಿ ನೇರಳೆಗಳು ಬಳಿದ ಬಣ್ಣಗಳಲ್ಲ; ಲೋಹದ ಮೇಲೆ ಕಟ್ಟಿದ ತೆಳುವಾದ ಪೊರೆಯಲ್ಲಿ ಬೆಳಕು ಆಡುವ ಆಟ.

ವಿದೇಶಗಳಲ್ಲಿ ಮನೆಗೆ ಅಂಟಿಕೊಂಡೇ ವಾಹನದ ಕೊಠಡಿಯಿರುವುದುಂಟು. ಅಂತಹುದೊಂದರಲ್ಲಿ ತರುಣನೊಬ್ಬನು ಸಂಜೆಯ ಹೊತ್ತು ಕುಳಿತಿದ್ದಾನೆ ಎನ್ನಿ. ಹೊಸ ಸೈಲೆನ್ಸರು ಬಂದಿದೆ. ಹಳೆಯ ಕೊಳವೆ ಎರಡು ಬೆರಳಿನಷ್ಟು ಉದ್ದವಾಗಿದೆ. ಬೆಳಗಾದರೆ ಸವಾರಿ ಹೊರಡಬೇಕು. ಗೋಡೆಗೆ ಗ್ರೈಂಡರು ತೂಗುಬಿದ್ದಿದೆ. ಮೂಲೆಯಲ್ಲಿ ಪೆಟ್ರೋಲಿನ ಡಬ್ಬಿ, ನೆಲದಲ್ಲಿ ಎಣ್ಣೆ ಒರೆಸಿದ ಬಟ್ಟೆ. ಗೋಡೆಯಾಚೆ ಮಗು ಮಲಗಿದೆ. ಹತ್ತೆಣಿಸುವುದರೊಳಗೆ ಮುಗಿಯುವ ಕೆಲಸವೆಂದು ಅವನ ಕೈ ಗ್ರೈಂಡರಿನತ್ತ ಚಾಚುತ್ತದೆ. ಆತುರಗಾರನಿಗೆ ಬುದ್ಧಿ ಮಟ್ಟವೆಂಬ ಗಾದೆ ಹುಟ್ಟಿದ್ದು ಇಂತಹ ಗಳಿಗೆಗಾಗಿಯೇ.

ಈ ಲೋಹವು ಶಾಖವನ್ನು ಬೇಗನೆ ಸಾಗಿಸಲೊಲ್ಲದು. ಕತ್ತರಿಸಿದೆಡೆಯಲ್ಲಿಯೇ ಕಾವು ನಿಂತುಬಿಡುತ್ತದೆ. ಗ್ರೈಂಡರಿನ ಚಕ್ರ ತಗುಲಿದೊಡನೆ ಕಣ್ಣು ಕೋರೈಸುವ ಬಿಳಿಯ ಕಿಡಿಗಳು ಚಿಮ್ಮುತ್ತವೆ. ಕೊಳವೆಗೆ ಬೆಂಕಿ ಹತ್ತುವ ಭಯವಿಲ್ಲ; ಭಯವಿರುವುದು ಕಿಡಿಗಳಿಂದ ಮತ್ತು ಮೂಲೆಮೂಲೆಗಳಲ್ಲಿ ಕೂಡುವ ನುಣ್ಣನೆಯ ಹುಡಿಯಿಂದ. ಕಬ್ಬಿಣದ ತುಕ್ಕಿನ ಹುಡಿಯೊಡನೆ ಅದು ಬೆರೆತರಂತೂ ಅಪಾಯ ಇನ್ನೂ ಹೆಚ್ಚು.

ಆದ್ದರಿಂದ ಮನೆಯಲ್ಲಿ ಮಾಡುವವನಿಗೆ ಕೈಗರಗಸವೇ ಮೇಲು. ಮೊದಲು ಪೆಟ್ರೋಲನ್ನೂ ಎಣ್ಣೆಬಟ್ಟೆಯನ್ನೂ ದೂರಕ್ಕೆ ಸಾಗಿಸಬೇಕು. ಕೊಳವೆಯನ್ನು ವಾಹನದಿಂದ ಬಿಚ್ಚಿ, ಕಮಾನಾಗಿ ಕೊರೆದ ಎರಡು ಮರದ ತುಂಡುಗಳ ನಡುವೆ ವೈಸಿನಲ್ಲಿ ಹಿಡಿಸಬೇಕು. ಬರಿಯ ವೈಸು ತೆಳುಗೊಳವೆಯನ್ನು ಚಪ್ಪಟೆ ಮಾಡೀತು. ನೇರವಾದ ಕಾಗದದ ಪಟ್ಟಿಯನ್ನು ಸುತ್ತಿ, ಅದರಂಚಿಗೆ ಗೆರೆಯೆಳೆದರೆ ಕೊಯ್ತ ಓರೆಯಾಗದು. ಅಂಗುಲಕ್ಕೆ 32 ಹಲ್ಲುಗಳಿರುವ ಹೊಸ ಹ್ಯಾಕ್ಸಾ ಬ್ಲೇಡು ತಕ್ಕುದು. ತುಸು ಎಣ್ಣೆ ಸವರಿ, ನಿಧಾನವಾಗಿ, ಆದರೆ ಒತ್ತು ಕೊಟ್ಟು ಎಳೆಯಬೇಕು. ಕಚ್ಚದೆ ಸುಮ್ಮನೆ ಉಜ್ಜಿದರೆ ಮೇಲ್ಮೈ ಗಡುಸಾಗಿ ಬ್ಲೇಡೇ ಸವೆಯುವುದು. ಕೊನೆಗೆ ಅರದಿಂದ ಒಳಹೊರ ಅಂಚುಗಳನ್ನು ನಯಗೊಳಿಸಬೇಕು. ಕಣ್ಣಿಗೆ ಕನ್ನಡಕ ಬೇಕೇ ಬೇಕು. ಹಳೆಯ ಸೈಲೆನ್ಸರಿನೊಳಗೆ ಗಾಜಿನ ನಾರು ತುಂಬಿರುವುದುಂಟಾದುದರಿಂದ ಮೂಗು ಬಾಯಿಗಳಿಗೆ ಮುಸುಕೂ ಬೇಕು. ಉದುರಿದ ಹುಡಿಯನ್ನು ಒದ್ದೆಬಟ್ಟೆಯಿಂದ ಒರೆಸಿ ತೆಗೆಯಬೇಕಲ್ಲದೆ, ಪೊರಕೆಯಿಂದ ಎಬ್ಬಿಸಬಾರದು; ಮನೆಯ ಕಸ ಹೀರುವ ಯಂತ್ರವನ್ನು ಹಚ್ಚಲೇಬಾರದು.

ಇಷ್ಟಾಗಿಯೂ ಹುಡಿ ಹೊತ್ತಿಕೊಂಡಿತೆನ್ನಿ. ಬೆಂಕಿಯೆಂದರೆ ನೀರು ಎಂಬುದು ಬಾಲ್ಯದಿಂದ ಬಂದ ಅಭ್ಯಾಸ. ಇಲ್ಲಿ ಆ ಅಭ್ಯಾಸವೇ ಶತ್ರು. ಉರಿಯುವ ಟೈಟೇನಿಯಂ ನೀರನ್ನು ಒಡೆದು ಜಲಜನಕವನ್ನು ಹೊರಡಿಸುತ್ತದೆ, ಸ್ಫೋಟವೇ ಆದೀತು. ಇಂಗಾಲದ ಡೈಆಕ್ಸೈಡಿನಿಂದಲೂ ಅದು ಆರದು. ಗಾಳಿಯ ಸಾರಜನಕದೊಡನೆ ಕೂಡ ಅದು ಉರಿಯಬಲ್ಲದು. ಸಂಪೂರ್ಣವಾಗಿ ಒಣಗಿದ ಮರಳನ್ನಾಗಲಿ, ಲೋಹದ ಬೆಂಕಿಗೆಂದೇ ಸಿದ್ಧಪಡಿಸಿದ ಡಿ ವರ್ಗದ ಪುಡಿಯನ್ನಾಗಲಿ ಮೆಲ್ಲಗೆ ಮುಚ್ಚಬೇಕು. ರಭಸದಿಂದ ಎರಚಿದರೆ ಉರಿವ ಹುಡಿಯೇ ಹರಡುವುದು. ಬೆಂಕಿ ಕೈಮೀರಿದರೆ ಮನೆಯವರನ್ನು ಹೊರಗೆ ಕರೆತಂದು, ಅಗ್ನಿಶಾಮಕದವರಿಗೆ ಉರಿಯುತ್ತಿರುವುದು ಯಾವ ಲೋಹವೆಂಬುದನ್ನು ತಿಳಿಸಬೇಕು. ಕೊಳವೆಗೆ ಬೆಲೆಯುಂಟು, ಮಗುವಿಗೆ ಬೆಲೆ ಕಟ್ಟುವವರಾರು?

ಆ ತರುಣನು ಚಾಚಿದ ಕೈಯನ್ನು ಹಿಂದೆಗೆದುಕೊಂಡು ಗರಗಸವನ್ನು ಹಿಡಿದನೆನ್ನೋಣ. ಹತ್ತೆಣಿಸುವಷ್ಟರ ಕೆಲಸ ಅರ್ಧ ತಾಸು ಹಿಡಿಯಿತು; ಅಂಗೈ ಕೆಂಪಾಯಿತು; ಒದ್ದೆಬಟ್ಟೆಯ ಮೇಲೆ ಒಂದು ಚಿಟಿಕೆ ಬೂದುಬಣ್ಣದ ಹುಡಿ ಉಳಿಯಿತು. ಗೋಡೆಯಾಚೆ ಮಗುವಿನ ನಿದ್ರೆ ಕೆಡಲಿಲ್ಲ. ಕೆಲಸ ಬಲ್ಲವನೆಂದರೆ ಬೇಗ ಮುಗಿಸುವವನಲ್ಲ. ತನ್ನ ಕೈಯಲ್ಲಿರುವ ವಸ್ತುವಿನ ಗುಣವನ್ನರಿತು, ಅದು ಬೇಡಿದಷ್ಟು ಹೊತ್ತನ್ನು ಅದಕ್ಕೆ ಕೊಡುವವನು.