ಎದುರಾಳಿಯಿಲ್ಲದೆ ಆಟವಿಲ್ಲ

ಕ್ಯಾಲಿಫೋರ್ನಿಯದ ಮಗಳ ಮನೆಯಲ್ಲಿ ನಾವು ತಂಗಿದ್ದಾಗ ಮೊಮ್ಮಕ್ಕಳದು ನಿತ್ಯವೂ ಒಂದೇ ಜಗಳ. ಅಣ್ಣನಿಗೆ ತನ್ನ ಕೋಣೆಯ ಕಂಪ್ಯೂಟರ್ ಆಟವೇ ಮೇಲು. ತಂಗಿಗೆ ಟಿವಿಗೆ ಜೋಡಿಸುವ ಕನ್ಸೋಲ್. ತೀರ್ಪಿನ ಭಾರ ನಮ್ಮ ಮೇಲೆ ಬಿದ್ದಿತು.

ಒಂದು ದಿನ ಎಲ್ಲರೂ ಮೌಂಟನ್ ವ್ಯೂ ಊರಿನ ಕಂಪ್ಯೂಟರ್ ಇತಿಹಾಸದ ವಸ್ತುಸಂಗ್ರಹಾಲಯಕ್ಕೆ ಹೋದೆವು. ಅಲ್ಲಿ ಬೀರುಗಳಂತೆ ನಿಂತ ಪಿಡಿಪಿ-1 ಯಂತ್ರವನ್ನು ಕಂಡೆವು. 1962ರಲ್ಲಿ ಎಂ.ಐ.ಟಿ.ಯ ಸ್ಟೀವ್ ರಸೆಲ್ ಮತ್ತು ಗೆಳೆಯರು ‘ಸ್ಪೇಸ್‌ವಾರ್’ ಆಟವನ್ನು ರಚಿಸಿದ್ದು ಇಂಥದೇ ಯಂತ್ರದಲ್ಲಿ. ದುಂಡು ತೆರೆಯ ನಡುವೆ ಸೆಳೆಯುವ ನಕ್ಷತ್ರ; ಸುತ್ತ ಕಾದಾಡುವ ಎರಡು ನೌಕೆಗಳು. ಯಂತ್ರದ ಬೆಲೆ ಅಂದು ಸುಮಾರು 1,20,000 ಡಾಲರ್. ಆದರೆ ಬಲ್ಲವರು ಆಟವನ್ನು ತಿದ್ದಬಹುದಿತ್ತು. ಪೀಟರ್ ಸ್ಯಾಮ್ಸನ್ ಅದರ ಹಿನ್ನೆಲೆಗೆ ನಿಜವಾದ ಆಕಾಶದ ತಾರೆಗಳನ್ನೇ ತಂದರು.

ಹತ್ತು ವರ್ಷಗಳ ಬಳಿಕ, 1972ರಲ್ಲಿ, ರಾಲ್ಫ್ ಬೇರ್ ಅವರ ಕಲ್ಪನೆಯಿಂದ ಹುಟ್ಟಿದ ‘ಒಡಿಸ್ಸಿ’ ಮನೆಯ ಟಿವಿಯನ್ನು ಸೇರಿತು. ಅದೇ ಮೊದಲ ಕನ್ಸೋಲ್. ಸದ್ದಿಲ್ಲ, ಅಂಕಗಳನ್ನೂ ಆಟಗಾರರೇ ಬರೆದುಕೊಳ್ಳಬೇಕು. ಆದರೆ ಯಾವ ವಿದ್ಯೆಯೂ ಬೇಡ, ಜೋಡಿಸಿದರೆ ಸಾಕು.

ಭೇದ ಇಂದಿಗೂ ಬಹುಮಟ್ಟಿಗೆ ಇದೇ. ಕಂಪ್ಯೂಟರ್ ತಿದ್ದಿ ಬೆಳೆಸುವವರ ಅಡುಗೆಮನೆ. ಕನ್ಸೋಲ್ ಬಡಿಸಿಟ್ಟ ಎಲೆ. ಆದರೆ ಸ್ಪೇಸ್‌ವಾರಿಗೂ ಒಡಿಸ್ಸಿಯ ಚೆಂಡಾಟಕ್ಕೂ ಎದುರಿಗೆ ಇನ್ನೊಬ್ಬರು ಬೇಕೇ ಬೇಕಿತ್ತು.

ನಮ್ಮ ತೀರ್ಪೂ ಅದೇ: ಯಂತ್ರ ಯಾವುದಾದರೂ ಆಗಲಿ, ಒಬ್ಬರೇ ಆಡಕೂಡದು, ಅಂಕಗಳನ್ನು ಕನ್ನಡದಲ್ಲಿಯೇ ಎಣಿಸಬೇಕು. ಅಂದು ರಾತ್ರಿ ಎರಡನೆಯ ಹಿಡಿಕೆ ನಮ್ಮ ಕೈಗೇ ಬಂದಿತು. ನಮ್ಮ ಸೋಲುಗಳನ್ನು ಎಣಿಸುತ್ತ ಮಕ್ಕಳು ಇಪ್ಪತ್ತರವರೆಗೂ ಕಲಿತರು.