ಹೋಗ್ಬಿಟ್ಳಂತೆ ಕಣೇ

ನಮ್ಮಮ್ಮನಿಗೊಂದು ಅಭ್ಯಾಸವಿತ್ತು. ಸಿನಿಮಾದವರು, ನಾಟಕದವರು, ಟಿ.ವಿ.ಯವರು ಯಾರೇ ತೀರಿಕೊಂಡರೂ ಆ ಸುದ್ದಿಯನ್ನು ನನಗೆ ಮೊದಲು ಅವಳೇ ತಿಳಿಸಬೇಕು. ನಾನು ಫೋನು ಎತ್ತಿದೊಡನೆ ಊಟ ಆಯ್ತಾ ಎಂದಿಲ್ಲ, ಮಕ್ಕಳು ಹೇಗಿದಾರೆ ಎಂದಿಲ್ಲ, “ಹೋಗ್ಬಿಟ್ಳಂತೆ ಕಣೇ” ಎಂದೇ ಶುರು. ಹೋದವರು ಯಾರು ಎಂದು ನಾನು ಕೇಳಬೇಕು. ಆ ಒಂದು ಗಳಿಗೆಯಲ್ಲಿ ನಮ್ಮ ಬಳಗದ ಮುದುಕಿಯರೆಲ್ಲ ಸಾಲಾಗಿ ಕಣ್ಣ ಮುಂದೆ ಬಂದು ನಿಂತು ನನ್ನ ಎದೆ ಡವಡವ ಹೊಡೆದುಕೊಳ್ಳುತ್ತಿತ್ತು. ಆಮೇಲೆ ನಿಧಾನಕ್ಕೆ ಹೆಸರು ಹೊರಬೀಳುತ್ತಿತ್ತು. ಪಂಢರಿಬಾಯಿಯೋ, ಇನ್ನಾರೋ.

ನಮ್ಮ ಮನೆಯಲ್ಲಿ ಸಿನಿಮಾದ ಹೆಂಗಸರಿಗೆಲ್ಲ ಏಕವಚನವೇ. ಅದರಲ್ಲಿ ಅಗೌರವವೇನೂ ಇರಲಿಲ್ಲ. ಚಿಕ್ಕಮ್ಮ, ಸೋದರತ್ತೆಯ ಮಗಳು, ಹಿತ್ತಲ ಮನೆಯ ಸಾವಿತ್ರಿ, ಇವರ ಜೊತೆಗೆ ಲೀಲಾವತಿ, ಜಯಂತಿ, ಕಲ್ಪನಾ. ಗಂಡಸರಲ್ಲಿ ರಾಜ್‌ಕುಮಾರ್ ಒಬ್ಬರಿಗೆ ಮಾತ್ರ ಬಹುವಚನ ಸಲ್ಲುತ್ತಿತ್ತು.

ಅಮ್ಮ ಇದ್ದದ್ದು ತಿಪಟೂರಿನಲ್ಲಿ, ಅಣ್ಣನ ಮನೆಯಲ್ಲಿ. ನಾನು ಮದುವೆಯಾಗಿ ಬಂದದ್ದು ಶಿವಮೊಗ್ಗಕ್ಕೆ. ನಡುವೆ ಅರ್ಧ ದಿನದ ರೈಲು. ಹಾಗಾಗಿ ನಮ್ಮಿಬ್ಬರ ತಾಯಿ-ಮಗಳ ಸಂಬಂಧದ ಮುಕ್ಕಾಲು ಪಾಲು ಫೋನಿನ ಮೇಲೆಯೇ ನಡೆದದ್ದು. ಆ ಮುಕ್ಕಾಲಿನಲ್ಲಿ ಅರ್ಧ ಸಾವಿನ ಸುದ್ದಿ ಎಂದರೆ ನಗಬೇಡಿ.

2021ರ ಜುಲೈ 26ರಂದು ಜಯಂತಿ ತೀರಿಕೊಂಡರು. ಅಮ್ಮನ ಫೋನು ಬಂತು. ಕೊರೋನಾದ ಎರಡನೆಯ ಅಲೆ ಆಗಷ್ಟೇ ಇಳಿಯುತ್ತಿದ್ದ ಕಾಲ. ನಮ್ಮ ಬೀದಿಯಲ್ಲೇ ಮೂರು ಮನೆಗಳಲ್ಲಿ ಸಾವಾಗಿತ್ತು. ಮನೆಯವರಿಗೆ ಬಂದು ಹೋಗಿದ್ದ ಕೆಮ್ಮು ಇನ್ನೂ ಪೂರ್ತಿ ಬಿಟ್ಟಿರಲಿಲ್ಲ. ಒಲೆಯ ಮೇಲೆ ಸಾರು, ಕೈಯಲ್ಲಿ ಕಷಾಯದ ಲೋಟ. ಅಮ್ಮ ಎಂದಿನಂತೆ “ಜಯಂತಿ ಹೋಗ್ಬಿಟ್ಳಂತೆ ಕಣೇ” ಎಂದಳು. “ಎಡಕಲ್ಲು ಗುಡ್ಡದ ಮೇಲೆ ನೋಡೋಕೆ ಹೋದಾಗ ಏನಾಯ್ತು ಗೊತ್ತಾ...” ಎಂದು ಏನೋ ತೆಗೆದಳು.

ನನಗೆಲ್ಲಿಂದ ಅಷ್ಟು ಸಿಟ್ಟು ಬಂತೋ. “ಸತ್ತೋರ ಸುದ್ದಿ ಬಿಟ್ರೆ ಬೇರೆ ಮಾತೇ ಇಲ್ವೇನಮ್ಮಾ ನಿಂಗೆ? ದಿನಾ ಇದೇ ಆಗೋಯ್ತು” ಎಂದುಬಿಟ್ಟೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. “ಸರಿ, ಇಡ್ತೀನಿ. ಸಾರು ಉಕ್ಕೀತು ನೋಡ್ಕೋ” ಎಂದು ಇಟ್ಟಳು. ಸಾರಿನ ವಿಷಯ ನಾನು ಹೇಳಿರಲಿಲ್ಲ. ಕುದಿಯುವ ಸದ್ದು ಅವಳಿಗೆ ಕೇಳಿಸಿತ್ತೆಂದು ಕಾಣುತ್ತದೆ.

ಸಾಯಂಕಾಲ ಫೋನು ಮಾಡಿ ಸರಿಮಾಡಿಕೊಳ್ಳೋಣ ಎಂದುಕೊಂಡೆ. ಮಾಡಿದಾಗ ಅಮ್ಮ ಕೊಬ್ಬರಿ ರೇಟಿನ ಮಾತಾಡಿದಳು. ನಾನೂ ಸುಮ್ಮನಾದೆ. ತಾಯಂದಿರ ಬಳಿ ತಪ್ಪಾಯಿತು ಎನ್ನುವುದು ನಮ್ಮಲ್ಲಿ ಎಷ್ಟು ಜನಕ್ಕೆ ಬರುತ್ತದೆ?

ಅಕ್ಟೋಬರ್ 29ರಂದು ಪುನೀತ್ ಹೋದ ಸುದ್ದಿ ಬಂದಾಗ ಇಡೀ ನಾಡೇ ಕದಲಿತ್ತು. ನನಗೆ ಹೇಳಿದ್ದು ಪಕ್ಕದ ಮನೆಯ ಹುಡುಗ. ನಲವತ್ತಾರು ವರ್ಷದ ಮನುಷ್ಯ, ‘ಬೆಟ್ಟದ ಹೂವು’ ಚಿತ್ರದ ಆ ಪುಟ್ಟ ಹುಡುಗ. ನಂಬಲಾಗದೆ ಟಿ.ವಿ. ಮುಂದೆ ಕೂತೆ. ಮಧ್ಯಾಹ್ನ ಕಳೆಯಿತು, ಸಂಜೆಯಾಯಿತು, ಅಮ್ಮನ ಫೋನು ಬರಲಿಲ್ಲ. ಕಡೆಗೆ ನಾನೇ ಮಾಡಿದೆ. “ನೋಡ್ದೇನಮ್ಮಾ?” ಎಂದೆ. “ಬೆಳಗಿಂದ ನೋಡ್ತಾನೇ ಇದೀನಿ. ಅನ್ನ ಇಳೀಲಿಲ್ಲ ಕಣೇ” ಎಂದಳು. ಮತ್ತೆ ಫೋನು ಯಾಕೆ ಮಾಡಲಿಲ್ಲ ಎಂದು ಕೇಳಿದ್ದಕ್ಕೆ, “ನಿಂಗೆ ಬೇಜಾರಾಗುತ್ತಲ್ಲ ಅಂತ ಮಾಡ್ಲಿಲ್ಲ” ಎಂದಳು. ಕೊಂಕಿನ ದನಿಯಲ್ಲ, ಮಾಮೂಲಿ ದನಿಯಲ್ಲೇ. ಕೊಂಕಾಡಿದ್ದರೆ ವಾಸಿಯಿತ್ತು.

2022ರ ಮಳೆಗಾಲದಲ್ಲಿ ಅಮ್ಮ ಹೋದಳು. ಎಂಬತ್ತೆರಡು ವರ್ಷ. ಯಾರಿಗೂ ತೊಂದರೆ ಕೊಡಲಿಲ್ಲ ಎಂದರು ಬಂದವರೆಲ್ಲ. ಸುದ್ದಿ ಹೇಳಿದ್ದು ಅಣ್ಣ. ಅವನಿಗೆ ‘ಅಮ್ಮ’ ಎಂಬುದರಾಚೆ ಮಾತು ಹೊರಡಲಿಲ್ಲ.

ಅದಾದ ಮೇಲೆ 2023ರ ಡಿಸೆಂಬರ್ 8ರ ಸಂಜೆ ಲೀಲಾವತಿಯವರು ತೀರಿಕೊಂಡ ಸುದ್ದಿ ಟಿ.ವಿ.ಯಲ್ಲಿ ಬಂತು. ನನ್ನ ಕೈ ತಾನಾಗಿಯೇ ಫೋನಿಗೆ ಹೋಯಿತು. ಅಮ್ಮನ ನಂಬರು ಇನ್ನೂ ಅದರಲ್ಲಿತ್ತು. ಫೋನು ಹಿಡಿದುಕೊಂಡೇ ಅಡುಗೆಮನೆಗೆ ಹೋಗಿ ಒಂದು ಲೋಟ ನೀರು ಕುಡಿದು ಬಂದೆ.

ಲೀಲಾವತಿ ಎಂದರೆ ನನಗೆ ಅಮ್ಮನ ಮಡಿಲು. ‘ಗೆಜ್ಜೆಪೂಜೆ’ಯನ್ನು ಟೆಂಟಿನಲ್ಲಿ ನೋಡಿದಾಗ ನನಗೆ ಏಳೆಂಟು ವರ್ಷವಿರಬೇಕು. ನೆಲದ ಮೇಲೆ ಚಾಪೆ ಹಾಸಿಕೊಂಡು, ಹುರಿಗಾಳಿನ ಡಬ್ಬಿ ಇಟ್ಟುಕೊಂಡು. ಕಲ್ಪನಾಳ ಅಮ್ಮನಾಗಿ ಲೀಲಾವತಿ ಪರದೆಯ ಮೇಲೆ ಅತ್ತರೆ, ಕೆಳಗೆ ನನ್ನ ಅಮ್ಮ ಅಳುತ್ತಿದ್ದಳು. ಇಬ್ಬರಲ್ಲಿ ಯಾರನ್ನು ನೋಡಬೇಕೆಂದು ನನಗೆ ತಿಳಿಯುತ್ತಿರಲಿಲ್ಲ. ‘ಭಕ್ತ ಕುಂಬಾರ’ ಬಂದದ್ದು 1974ರಲ್ಲಿ. ವಿಠಲನ ಧ್ಯಾನದಲ್ಲಿ ಮೈಮರೆತ ಗೋರ ಮಣ್ಣು ತುಳಿಯುವಾಗ ಮಗು ಕಾಲಡಿಗೆ ಸಿಕ್ಕುವ ಆ ದೃಶ್ಯದಲ್ಲಿ ಟಾಕೀಸಿನ ಹೆಂಗಸರೆಲ್ಲ ಗೊಳೋ ಎಂದಿದ್ದರು. ಅಮ್ಮ ಮಾತ್ರ ಬುಸುಗುಟ್ಟುತ್ತಿದ್ದಳು. ದಾರಿಯಲ್ಲಿ ಬರುವಾಗ “ದೇವರು ಕಂಡ, ಮಗು ಕಾಣ್ಲಿಲ್ಲ. ಅಳೋದು ಮಾತ್ರ ಅವಳ ಪಾಲಿಗೆ ಬಂತು ನೋಡು” ಎಂದಳು. ದೇವರು ಮಗುವನ್ನು ಬದುಕಿಸಿಕೊಟ್ಟನಲ್ಲಮ್ಮ ಎಂದರೆ, “ಅಷ್ಟರಲ್ಲಿ ಅವಳ ಹೊಟ್ಟೆ ಎಷ್ಟು ಉರಿದಿರಬೇಡ!” ಎಂದಳು. ಚಿತ್ರ ವಿಮರ್ಶಕರು ಯಾರೂ ಹೀಗೆ ಬರೆದದ್ದನ್ನು ನಾನು ಓದಿಲ್ಲ.

ಬೆಳ್ತಂಗಡಿ ಕಡೆಯ ಹುಡುಗಿ, ಸುಬ್ಬಯ್ಯ ನಾಯ್ಡು ಅವರ ನಾಟಕ ಕಂಪನಿಯಲ್ಲಿ ಪಾತ್ರ ಮಾಡಿ, ಸಿನಿಮಾಕ್ಕೆ ಬಂದು, ನಾಯಕಿಯಾಗಿ, ಆಮೇಲೆ ನಾಯಕರ ಅಮ್ಮನಾಗಿ ನೂರಾರು ಚಿತ್ರ ಮಾಡಿದವರು. ಕಡೆಗೆ ನೆಲಮಂಗಲದ ಹತ್ತಿರ ಸೋಲದೇವನಹಳ್ಳಿಯಲ್ಲಿ ಮಗನ ಜೊತೆ ತೋಟ ಮಾಡಿಕೊಂಡಿದ್ದರು. ಅಲ್ಲಿ ಜನರಿಗೊಂದು ಆಸ್ಪತ್ರೆ ಕಟ್ಟಿಸಿದರು, ಆಮೇಲೆ ದನಕರುಗಳಿಗೂ ಒಂದು. ದನದ ಆಸ್ಪತ್ರೆಯ ಬಾಗಿಲು ತೆರೆದದ್ದು ಅವರು ಹೋಗುವುದಕ್ಕೆ ಕೆಲವೇ ದಿನ ಮೊದಲು. ಅಮ್ಮನಿಗೆ ಇದನ್ನು ಹೇಳಬೇಕಿತ್ತು ಅನ್ನಿಸಿತು. ಅವಳಿಗೆ ಮನುಷ್ಯರಿಗಿಂತ ಹಸುಗಳ ಮೇಲೆ ವಿಶ್ವಾಸ ಹೆಚ್ಚು.

2024ರ ಏಪ್ರಿಲ್‌ನಲ್ಲಿ ದ್ವಾರಕೀಶ್ ಹೋದರು. ಅವರನ್ನು ನೆನೆಸಿಕೊಂಡು ಅಳಲು ಎಷ್ಟು ಪ್ರಯತ್ನಿಸಿದರೂ ನಗುವೇ ಬರುತ್ತದೆ, ಅದು ಅವರಿಗೆ ಒಪ್ಪಿಗೆಯೇ ಇದ್ದೀತು. ಆಮೇಲೆ ಜುಲೈ 11ರಂದು ಅಪರ್ಣಾ. ಐವತ್ತೇಳು ವರ್ಷ, ಶ್ವಾಸಕೋಶದ ಕ್ಯಾನ್ಸರ್. ನನಗಿಂತ ಚಿಕ್ಕವರು.

ಅಪರ್ಣಾ ಮೊದಲು ಬಂದದ್ದು ‘ಮಸಣದ ಹೂವು’ ಚಿತ್ರದಲ್ಲಿ. ಪುಟ್ಟಣ್ಣ ಕಣಗಾಲರ ಕೊನೆಯ ಚಿತ್ರ ಅದು. 1985ರಲ್ಲಿ ಅದು ಮುಗಿಯುವ ಮೊದಲೇ ಅವರು ತೀರಿಕೊಂಡು, ಕೆ.ಎಸ್.ಎಲ್. ಸ್ವಾಮಿಯವರು ಪೂರ್ಣ ಮಾಡಿದರು. ಆದರೆ ನಮ್ಮ ಮನೆಗಳಿಗೆ ಅಪರ್ಣಾ ಬಂದದ್ದು ದೂರದರ್ಶನದಿಂದ. ಅಟ್ಟದ ಮೇಲೆ ಹತ್ತಿ ಆಂಟೆನಾ ತಿರುಗಿಸುತ್ತಾ “ಬಂತಾ? ಬಂತಾ?” ಎಂದು ಅಣ್ಣ ಕೂಗುತ್ತಿದ್ದ ಕಾಲ. ಚಿತ್ರ ಚುಕ್ಕಿಚುಕ್ಕಿಯಾಗಿದ್ದರೂ ಆ ಮಾತು ಸ್ವಚ್ಛವಾಗಿ ಕೇಳುತ್ತಿತ್ತು. ಅಮ್ಮ ಓದಿದ್ದು ಲೋವರ್ ಸೆಕೆಂಡರಿ. ಆದರೆ ಯಾರಾದರೂ ‘ಹ’ಕಾರ ನುಂಗಿದರೆ ಅವಳಿಗೆ ಆಗುತ್ತಿರಲಿಲ್ಲ. ಅಪರ್ಣಾ ನಿರೂಪಣೆ ಮಾಡುವಾಗ ನಮ್ಮನ್ನೆಲ್ಲ ಕೂರಿಸಿ “ಕೇಳಿಸ್ಕೊಳ್ಳಿ, ಹೀಗೆ ಮಾತಾಡ್ಬೇಕು. ನಿಮ್ ಥರ ಬಾಯಲ್ಲಿ ಅನ್ನ ಇಟ್ಕೊಂಡಲ್ಲ” ಎನ್ನುತ್ತಿದ್ದಳು. ಎಷ್ಟೋ ವರ್ಷಗಳ ನಂತರ ಅದೇ ಅಪರ್ಣಾ ‘ಮಜಾ ಟಾಕೀಸ್’ನಲ್ಲಿ ತನ್ನನ್ನು ತಾನೇ ಹೊಗಳಿಕೊಳ್ಳುವ ವರಲಕ್ಷ್ಮಿಯಾಗಿ ಬಂದಾಗ ಅಮ್ಮನಿಗೆ ಮೊದಲ ವಾರ ಸಿಟ್ಟೇ ಬಂದಿತ್ತು. ಇವಳಿಗ್ಯಾಕೆ ಬೇಕಿತ್ತು ಇದು ಎಂದಳು. ಎರಡನೆಯ ವಾರ ನಗಲು ಶುರು ಮಾಡಿದವಳು ಆಮೇಲೆ ಒಂದು ಕಂತೂ ಬಿಡಲಿಲ್ಲ.

2018ರಲ್ಲಿ ಒಮ್ಮೆ ಅಮ್ಮನನ್ನು ನನ್ನ ಮಗಳ ಮನೆಗೆ ಕರೆದುಕೊಂಡು ಹೋಗಿದ್ದೆ. ಯಶವಂತಪುರದಲ್ಲಿ ರೈಲು ಇಳಿದು, ಜಯನಗರಕ್ಕೆ ಮೆಟ್ರೋ ಹತ್ತಿದೆವು. ಬಾಗಿಲು ಮುಚ್ಚಿತು, ಮುಂದಿನ ನಿಲ್ದಾಣ ಯಾವುದೆಂದು ಹೇಳುವ ದನಿ ಬಂತು. ಅಮ್ಮ ಸೀಟಿನಲ್ಲಿ ನೆಟ್ಟಗಾಗಿ, ಬೋಗಿಗೆಲ್ಲ ಕೇಳುವಂತೆ “ಇದು ನಮ್ಮ ಅಪರ್ಣ ಅಲ್ವೇನೇ!” ಎಂದಳು. ಕಿವಿಗೆ ವೈರು ಸಿಕ್ಕಿಸಿಕೊಂಡಿದ್ದ ಹುಡುಗಿಯರೆಲ್ಲ ತಿರುಗಿ ನೋಡಿದರು. ನನಗೆ ನಾಚಿಕೆಯಾಯಿತು. ಅಮ್ಮನಿಗೆ ಅದರ ಪರಿವೆಯಿಲ್ಲ. ಸ್ಯಾಂಡಲ್ ಸೋಪ್ ಫ್ಯಾಕ್ಟರಿ, ಮಹಾಲಕ್ಷ್ಮಿ, ರಾಜಾಜಿನಗರ, ಪ್ರತಿ ನಿಲ್ದಾಣಕ್ಕೂ ಆ ದನಿಗಾಗಿ ಕಾದು, ಹೆಸರು ಬಂದಾಗ ತಲೆ ಆಡಿಸುತ್ತ ಕೂತಿದ್ದಳು, ಸಂಗೀತ ಕಚೇರಿಯಲ್ಲಿ ಕೂತವರ ಹಾಗೆ.

ಅಪರ್ಣಾ ಹೋದ ಮುಂದಿನ ತಿಂಗಳು ನಾನೊಬ್ಬಳೇ ಆ ದಾರಿಯಲ್ಲಿ ಹೋದೆ. ತಿಪಟೂರು ಬಂದಾಗ ಕಿಟಕಿಯಿಂದ ಪ್ಲಾಟ್‌ಫಾರಂ ನೋಡುವುದು ರೂಢಿ, ನೋಡಿದೆ. ಯಶವಂತಪುರದಲ್ಲಿ ಮೆಟ್ರೋ ಹತ್ತಿದೆ. ಬಾಗಿಲು ಮುಚ್ಚಿತು. ಅದೇ ದನಿ, ಒಂದಿಷ್ಟೂ ಮಾಸದೆ, ಮುಂದಿನ ನಿಲ್ದಾಣ ಹೇಳಿತು. ಕಣ್ಣೀರು ಬಂದದ್ದು ಅಪರ್ಣಾಗೋ ಅಮ್ಮನಿಗೋ ಎಂದು ಕೇಳಿದರೆ ನನ್ನ ಹತ್ತಿರ ಉತ್ತರವಿಲ್ಲ. ಎದುರಿಗೆ ಕೂತಿದ್ದ ಹುಡುಗಿ ತನ್ನ ನೀರಿನ ಬಾಟಲಿ ಚಾಚಿದಳು.

ಅಮ್ಮನ ದನಿ ನಮ್ಮಲ್ಲಿ ಹೆಚ್ಚೇನೂ ಉಳಿದಿಲ್ಲ. ಫೋಟೋಗಳಿವೆ. ಮೊಮ್ಮಗನ ಹುಟ್ಟುಹಬ್ಬದ ಒಂದು ವಿಡಿಯೋದಲ್ಲಿ, ಅವನು ಮೇಣದ ಬತ್ತಿ ಊದಲು ಬಾಗಿದಾಗ ಹಿಂದಿನಿಂದ “ದೀಪ ಆರಿಸ್ಬಾರ್ದೋ!” ಎಂಬ ಕೂಗಿದೆ. ಅಷ್ಟೇ. ಆಮೇಲೆ ಎಲ್ಲರ ಚಪ್ಪಾಳೆಯಲ್ಲಿ ಅದು ಮುಳುಗಿ ಹೋಗಿದೆ.

ಆ ಸಲ ಹಿಂತಿರುಗುವಾಗ ತಿಪಟೂರಿನಲ್ಲಿ ಇಳಿದೆ. ಚಿಕ್ಕಮ್ಮನನ್ನು ನೋಡಿ ಬರೋಣವೆಂದು. ಅಮ್ಮನ ತಂಗಿ, ಊರಲ್ಲೇ ಇದ್ದಾಳೆ. ಕಣ್ಣು ಮಂಜು, ನೆನಪು ಚೊಕ್ಕ. ಊಟವಾದ ಮೇಲೆ ಕೇಳಿಯೇಬಿಟ್ಟೆ: “ಚಿಕ್ಕಮ್ಮ, ಎಡಕಲ್ಲು ಗುಡ್ಡದ ಮೇಲೆ ನೋಡೋಕೆ ಹೋದಾಗ ಏನಾಗಿತ್ತು?”

ಚಿಕ್ಕಮ್ಮ ನಕ್ಕಳು. 1973ರಲ್ಲಿ ಆ ಚಿತ್ರ ಬಂದಾಗ ಊರ ಹಿರಿಯರೆಲ್ಲ ಇದು ಸಂಸಾರಸ್ಥರು ನೋಡುವ ಚಿತ್ರವಲ್ಲ ಎಂದಿದ್ದರಂತೆ. ಯುದ್ಧದಲ್ಲಿ ಗಾಯಗೊಂಡು ದಾಂಪತ್ಯಕ್ಕೆ ಆಗದೆ ಉಳಿದ ಗಂಡ, ಬೇರೊಬ್ಬನ ಕಡೆ ಮನಸ್ಸು ವಾಲುವ ಹೆಂಡತಿ ಮಾಧವಿ, ಅವಳಾಗಿ ಜಯಂತಿ. ನಮ್ಮಜ್ಜಿ, ಎಂದರೆ ಅಮ್ಮನ ಅತ್ತೆ, ಒಪ್ಪುವುದು ಕನಸಿನ ಮಾತು. ಅಮ್ಮ ಹೋಗಿ, “ಅತ್ತೆ, ಯಾವ್ದೋ ಗುಡ್ಡದ ಮೇಲಿನ ಕ್ಷೇತ್ರದ ಕಥೆಯಂತೆ. ಹೆಂಗಸ್ರೆಲ್ಲ ಹೋಗ್ತಿದಾರೆ” ಎಂದಳಂತೆ. ಅಜ್ಜಿ ಕುಂಕುಮದ ಭರಣಿಯಿಂದ ಒಂದು ನಾಣ್ಯ ತೆಗೆದು “ಹುಂಡಿಗೆ ಹಾಕು” ಎಂದು ಕೊಟ್ಟರಂತೆ! ಅಕ್ಕ ತಂಗಿ ಆ ದುಡ್ಡಿನಲ್ಲಿ ಇಂಟರ್‌ವಲ್‌ನಲ್ಲಿ ಗೋಲಿ ಸೋಡಾ ಕುಡಿದರಂತೆ.

ನಾನೂ ಹೊಟ್ಟೆ ಹಿಡಿದುಕೊಂಡು ನಕ್ಕೆ. ಇಷ್ಟೇ ಇದ್ದದ್ದು, ಇದನ್ನು ಕೇಳಲು ನನಗೆ ಅವತ್ತು ಎರಡು ನಿಮಿಷ ಪುರುಸೊತ್ತಿರಲಿಲ್ಲ ಎಂದುಕೊಳ್ಳುವಷ್ಟರಲ್ಲಿ ಚಿಕ್ಕಮ್ಮ ಮತ್ತೆ ಮಾತಾಡಿದಳು. “ಬರ್ತಾ ದಾರೀಲಿ ಒಂದ್ ಮಾತೂ ಆಡ್ಲಿಲ್ಲ ಕಣೇ ನಿಮ್ಮಮ್ಮ. ಮನೆ ಹತ್ರ ಬಂದಾಗ ಬಾವಿಕಟ್ಟೆ ಮೇಲೆ ಕೂತ್ಕೊಂಬಿಟ್ಳು. ‘ಮಾಧವೀದು ಏನ್ ತಪ್ಪು, ಹೇಳೇ’ ಅಂದ್ಲು. ನಂಗಾಗ ಮದ್ವೆಯಾಗಿ ವರ್ಷ ಆಗಿತ್ತೋ ಇಲ್ವೋ. ನಾನೇನ್ ಹೇಳ್ಲಿ?”

ಅಪ್ಪ ಆಗ ಉತ್ತರ ಕರ್ನಾಟಕದ ಕಡೆ ಕೆಲಸದಲ್ಲಿದ್ದರು. ತಿಂಗಳಿಗೊಮ್ಮೆ, ಕೆಲವು ಸಲ ಎರಡು ತಿಂಗಳಿಗೊಮ್ಮೆ ಬರುತ್ತಿದ್ದರು. ಅಮ್ಮನಿಗೆ ಮೂವತ್ತಮೂರು ವರ್ಷ. ಅಜ್ಜಿಯ ಮಡಿ, ನಾವು ಮೂರು ಮಕ್ಕಳು, ಎರಡು ಹಸು. ನನಗೆ ಗೊತ್ತಿದ್ದ ಲೆಕ್ಕ ಇಷ್ಟೇ. ಜಯಂತಿ ಹೋದ ದಿನ ಅಮ್ಮ ನನಗೆ ಗೋಲಿ ಸೋಡಾದ ಕಥೆ ಹೇಳಲು ಹೊರಟಿದ್ದಳೋ, ಬಾವಿಕಟ್ಟೆಯದೋ?

2025ರ ಜುಲೈ 14, ಸೋಮವಾರ. ಬೆಳಿಗ್ಗೆ ಅಡುಗೆಮನೆಯಲ್ಲಿದ್ದೆ. ಮಗಳ ಫೋನು. ಸೋಮವಾರ ಆ ಹೊತ್ತಿನಲ್ಲಿ ಅವಳು ಎಂದೂ ಮಾಡುವವಳಲ್ಲ. “ಅಮ್ಮಾ, ಸರೋಜಾದೇವಿ ತೀರಿಕೊಂಡ್ರಂತೆ. ಅಜ್ಜಿ ಯಾವಾಗ್ಲೂ ಹೇಳ್ತಿದ್ರಲ್ಲ, ಅವ್ರೇ ತಾನೆ?”

ಅವರೇ. ಅಮ್ಮನಿಗಿಂತ ಎರಡು ವರ್ಷಕ್ಕೆ ದೊಡ್ಡವರು. ‘ಮಹಾಕವಿ ಕಾಳಿದಾಸ’ದಿಂದ ಶುರುವಾಗಿ ಕನ್ನಡ, ತಮಿಳು, ತೆಲುಗು, ಹಿಂದಿ ಎಲ್ಲ ಕಡೆ ಮೆರೆದು, ‘ಕಿತ್ತೂರು ಚೆನ್ನಮ್ಮ’ನಾಗಿ ಕತ್ತಿ ಹಿಡಿದು ನಿಂತವರು. ಕಣ್ಣುಗಳನ್ನು ದಾನ ಮಾಡಿದರು. ಚನ್ನಪಟ್ಟಣದ ಹತ್ತಿರದ ದಶಾವರದ ತೋಟದಲ್ಲಿ ಮಣ್ಣಾದರು. ಇವೆಲ್ಲ ಆಮೇಲೆ ಓದಿದ್ದು. ಆಗ ನನ್ನ ಬಾಯಿಗೆ ಬಂದದ್ದು ಬೇರೆ.

“ನಿಮ್ಮಜ್ಜಿ ಮದುವೆ ಫೋಟೋ ನೋಡಿದೀಯಲ್ಲ, ಆ ಉಬ್ಬಿಸಿದ ತಲೆ, ಕಿವಿ ಹತ್ರ ಸುರುಳಿ ಕೂದಲು? ಅದು ಸರೋಜಾದೇವಿ ನೋಡಿ ಮಾಡ್ಕೊಂಡಿದ್ದು. ಬಾಚೋಕೆ ಎರಡು ಗಂಟೆ ಆಯ್ತಂತೆ, ಮುಹೂರ್ತ ಮೀರುತ್ತೆ ಅಂತ ಪುರೋಹಿತರು ಕೂಗಾಡಿದ್ರಂತೆ...”

ಆ ಕಡೆ ಆಫೀಸಿನ ಗದ್ದಲ ಕೇಳುತ್ತಿತ್ತು. ಯಾರೋ ಅವಳನ್ನು ಕರೆದರು. ನಾನು ಮಾತು ನಿಲ್ಲಿಸಿ, “ಹೋಗು, ಕೆಲಸ ನೋಡ್ಕೋ, ಸಾಯಂಕಾಲ ಮಾತಾಡೋಣ” ಎಂದೆ.

“ಇಲ್ಲಮ್ಮ, ಹೊರಗೆ ಬಂದೆ. ಹೇಳು” ಎಂದಳು.

ನಾನು ಗ್ಯಾಸ್ ಆರಿಸಿದೆ. ಮಣೆ ಎಳೆದುಕೊಂಡು ಅಲ್ಲೇ ಕೂತು, “ನಿಮ್ಮಜ್ಜಿ ಒಂದ್ಸಲ ಸುಳ್ಳು ಹೇಳಿ ಸಿನಿಮಾಕ್ಕೆ ಹೋಗಿದ್ಲು, ಗೊತ್ತಾ?” ಎಂದೆ.