ಅಪ್ಪನ ಅಂಗಿಯ ಮಸಿ

ನಮ್ಮ ಕಕ್ಕೇರಾಕ್ಕೆ ರೈಲಿಲ್ಲ. ಆದರೂ ನಮ್ಮ ಮನೆಯಲ್ಲಿ ರೈಲಿನ ಮಾತಿಗೆ ಎಂದೂ ಬರವಿರಲಿಲ್ಲ. ಅಪ್ಪ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯೊಳಗೆ ಉಗಿ ಎಂಜಿನ್ನಿನ ಫೈರ್‌ಮನ್ ಆಗಿದ್ದರು. ನಾವೆಲ್ಲ ಅಲ್ಲೇ ಕ್ವಾರ್ಟರ್ಸಿನಲ್ಲಿದ್ದೆವು.

ವಿಶ್ವೇಶ್ವರಯ್ಯನವರ ಕನಸಿನ ಆ ಕಾರ್ಖಾನೆ ಕಬ್ಬಿಣ ಕರಗಿಸತೊಡಗಿದ್ದು 1923ರಲ್ಲಿ. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಕಟ್ಟಿಗೆಯ ಇದ್ದಿಲು ಉಂಡು ಬೆಳೆದ ಕುಲುಮೆ ಅದು. ಕುದಿಯುವ ರಸವನ್ನು ದೊಡ್ಡ ಕೊಪ್ಪರಿಗೆಗೆ ತುಂಬಿ ಹಳಿಯ ಮೇಲೆ ಎಳೆದೊಯ್ಯುವುದು ಎಂಜಿನ್ನಿನ ಕೆಲಸ. ಬೆಲ್ಲದ ಪಾಕ ಇಳಿಸಿಟ್ಟು ಪಕ್ಕದ ಮನೆಯವರೊಡನೆ ಮಾತಿಗೆ ನಿಂತರೆ ಏನಾಗುತ್ತದೆಂದು ನಮಗೆ ಗೊತ್ತಲ್ಲ, ಹಾಗೆಯೇ ಅಲ್ಲಿ ತಡವಾದರೆ ಕಬ್ಬಿಣ ಹೆಪ್ಪುಗಟ್ಟುತ್ತದೆ.

ಅವ್ವನಿಗೆ ಕಾರ್ಖಾನೆ ಎಂದರೆ ಅಪ್ಪನ ಅಂಗಿ. ಸೋಡಾ ಹಾಕಿ ಕುದಿಸಿ, ಕಲ್ಲಿಗೆ ಬಡಿದರೂ ಮಸಿ ಬಿಡುತ್ತಿರಲಿಲ್ಲ.

"ಇದು ಅಂಗಿ ಅಲ್ರೀ, ರೊಟ್ಟಿ ಹಂಚು" ಎನ್ನುತ್ತಿದ್ದಳು.

ವಾರಾಣಸಿಯ ಕಾರ್ಖಾನೆಯಿಂದ ಮೊದಲ ಡೀಸೆಲ್ ಎಂಜಿನ್ ಹೊರಬಂದದ್ದು 1964ರಲ್ಲಿ. ಮುಂದೆ ಅಪ್ಪನ ಪಾಲಿಗೂ ಡೀಸೆಲ್ ಬಂತು. ಉಗಿ ಎಂಜಿನ್ನಾದರೆ ಗಂಟೆಗಟ್ಟಲೆ ಮೊದಲೇ ಬೆಂಕಿ ಹಾಕಿ ನೀರು ಕಾಯಿಸಬೇಕು, ಕೆಲಸವಿಲ್ಲದಾಗಲೂ ಬೆಂಕಿ ಕಾಯಬೇಕು. ಡೀಸೆಲ್ಲಿಗೆ ಆ ಗೊಡವೆಯಿಲ್ಲ. ಬೇಕೆಂದಾಗ ಚಾಲೂ, ಬೇಡವೆಂದಾಗ ಬಂದ್.

ಅಂಗಿಯಲ್ಲಿ ಈಗ ಬರೀ ಎಣ್ಣೆ ವಾಸನೆ. "ನನ್ನ ರಟ್ಟಿ ಉಳಿದ್ವು ನೋಡ್ರಿ" ಎಂದು ಅವ್ವ ಹಿಗ್ಗಿದಳು. ಅಪ್ಪ ರೊಟ್ಟಿ ಮುರಿದವರು ಹಾಗೆಯೇ ತಾಟಿನಲ್ಲಿಟ್ಟರು.

"ಬೆಂಕಿನೇ ಇಲ್ಲಂದಮ್ಯಾಲ ಬೆಂಕಿ ಹಾಕಾಂವ ಯಾಕ ಬೇಕು?"

ಅವ್ವನ ನಗು ಅಲ್ಲಿಗೇ ನಿಂತಿತು. ಕೆಲಸವೇನೋ ಹೋಗಲಿಲ್ಲ. ಕೈಯಲ್ಲಿ ಕೆಂಪು, ಹಸಿರು ಬಾವುಟ ಹಿಡಿದು, ಸೀಟಿ ಊದುತ್ತ ಎಂಜಿನ್ನಿನ ಪಕ್ಕ ನಡೆಯುವುದನ್ನು ಅಪ್ಪ ನಲವತ್ತು ದಾಟಿದ ಮೇಲೆ ಕಲಿತರು. ಆದರೆ ಸಲಿಕೆ ಹಿಡಿದ ಕೈಗೆ ಬಾವುಟ ಹಗುರವಾಯಿತೇನೋ, ಮನೆಯಲ್ಲಿ ಮಾತು ಕಡಿಮೆಯಾಯಿತು.

ನಿವೃತ್ತರಾಗಿ ಊರಿಗೆ ಬಂದ ಮೇಲೆ ಹೊಲದ ಡೀಸೆಲ್ ಪಂಪು ಗುಡುಗುಡು ಎಂದರೆ ಸಾಕು, ಅಪ್ಪ ಕಿವಿಗೊಟ್ಟು ಕೂಡುತ್ತಿದ್ದರು. "ಪಾಪ, ಇದೂ ದುಡೀತದ" ಎಂದು ಕಡೆಗಾಲಕ್ಕೆ ರಾಜಿಯಾಗಿದ್ದರು.

ಅಪ್ಪ ತೀರಿದ ಮೇಲೆ ಅವ್ವನ ಟ್ರಂಕಿನಲ್ಲಿ ಹಳೆಯದೊಂದು ಅಂಗಿ ಸಿಕ್ಕಿತು. ಕಾಲರಿನ ಮಸಿ ಹಾಗೇ ಇತ್ತು.

"ಇದನ್ಯಾಕ ಒಗೀಲಿಲ್ಲವ್ವ?"

"ಇರಲಿ ಬಿಡು" ಎಂದು ಅವ್ವ ಅದನ್ನು ನನ್ನ ಕೈಯಿಂದ ತೆಗೆದುಕೊಂಡು ಮಡಿಚಿಟ್ಟಳು. "ಅಷ್ಟು ವರ್ಷ ಬೈಕೋತ ಒಗದೀನಿ. ಇದೊಂದು ಇರಲಿ."